ಸುಮನಳ ಶನಿವಾರ

ಆ ಹೆಸರು ಇನ್ನೂ ಅಲ್ಲಿಯೇ ಇದೆ ಎನ್ನುವುದು ಅನೀಲಕುಮಾರನಿಗೆ ಹಲ್ಲುಜ್ಜುವಾಗ ನೆನಪಾಯಿತು. ಬ್ರಶ್ಶನ್ನು ಬಾಯಲ್ಲೇ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತುಬಿಟ್ಟ. ಕನ್ನಡಿಯಲ್ಲಿದ್ದವನು ಗಾಬರಿಯಾದವನಂತೆ ಕಾಣಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ಮುಖ ಅದು, ಒಳಗೆ ಏನೇ ನಡೆದರೂ ಹೊರಗೆ ಹಾಜರಿ ತೆಗೆದುಕೊಳ್ಳುವ ಗತ್ತು ಬಿಡುತ್ತಿರಲಿಲ್ಲ. ಇಂದು ಔರಾದದ ಒಂದು ಆಸ್ಪತ್ರೆಯಲ್ಲಿ ಅವನ ವಿದ್ಯಾರ್ಥಿನಿ ಇವಾಂಜಲಿನ ತನ್ನ ಪಿಎಚ್.ಡಿ. ಕೆಲಸವನ್ನು ಹೊರಗಿನ ಪರೀಕ್ಷಕರ ಎದುರು ನಡೆಸಿ ತೋರಿಸುವವಳಿದ್ದಳು. ಸಿಸ್ಟರುಗಳಿಗೆ ಪಾಳಿ ಹಂಚುವ ಸಾಫ್ಟ್‌ವೇರ್ ಅದು, ಮಳೆಗಾಲದ ಮೊದಲಿನಿಂದ ಅಲ್ಲಿ ನಡೆಯುತ್ತಿತ್ತು. ಹಳೆಯ ಕೋಡನ್ನೆಲ್ಲ ಅಳಿಸಿ, ಮಾಡೆಲ್ಲಿನಿಂದ ಮತ್ತೆ ಹುಟ್ಟಿಸಿ ತೋರಿಸುತ್ತೇನೆ ಎಂದು ಅವಳು ಹೋದ ವಾರ ಹೇಳಿದಾಗ ಅವನು ಶಾಬಾಶ್ ಎಂದಿದ್ದ. ಈಗ ಬಾಯಿ ತುಂಬ ನೊರೆಯಿಟ್ಟುಕೊಂಡು ನಿಂತಾಗ ಹೊಳೆಯಿತು: ಅಳಿಸಿ ಹೋಗುವುದರಲ್ಲಿ ತಾನು ಕದ್ದು ಸೇರಿಸಿದ ನಾಲ್ಕು ಸಾಲುಗಳೂ ಇವೆ, ಆ ಸಾಲುಗಳಲ್ಲಿ ತನ್ನ ತಂಗಿ ಸುಮನಳ ಹೆಸರಿದೆ.

"ಸುಸಲಾ ಆರ್ಲತ್ತದ, ಬರ್ತೀರೋ ಇಲ್ಲೋ?" ಎಂದು ಹೆಂಡತಿ ಸಪನಾ ಅಡುಗೆಮನೆಯಿಂದ ಕೂಗಿದಳು. ಬಂದು ಕೂತ, ಒಗ್ಗರಣೆಯ ಮಂಡಕ್ಕಿ ತಿಂದ, ರುಚಿ ಗೊತ್ತಾಗಲಿಲ್ಲ. ಇಂದು ಏನು ವಿಶೇಷ ಎಂದು ಅವಳು ಕೇಳಿದ್ದಕ್ಕೆ ಇವಾಂಜಲಿನಳ ಡೆಮೊ ಎಂದಷ್ಟೇ ಹೇಳಿದ. ಸಪನಾಳಿಗೆ ಅವನ ವಿದ್ಯೆ ಏನೆಂದು ಚೆನ್ನಾಗಿ ಗೊತ್ತಿತ್ತು, ಮದುವೆಯಾದ ಹೊಸದರಲ್ಲಿ ಅವನು ಬಂದ ನೆಂಟರಿಗೆಲ್ಲ ವಿವರಿಸಿ ವಿವರಿಸಿ ಅವಳ ಕಿವಿಗೇ ಅದು ಬಾಯಿಪಾಠವಾಗಿತ್ತು. ಪ್ರೋಗ್ರಾಂ ಬರೆಯಬೇಡಿ, ನಿಮ್ಮ ಕೆಲಸ ಹೇಗೆ ನಡೆಯುತ್ತದೆಂದು ಚೌಕ ಗೆರೆಗಳಲ್ಲಿ ಚಿತ್ರ ಬರೆಯಿರಿ, ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಳ್ಳುತ್ತದೆ. ಆ ಚಿತ್ರವೇ ಮಾಡೆಲ್. ಯಾವ ಚೌಕಕ್ಕೆ ಏನರ್ಥ, ಯಾವ ಗೆರೆ ಎಲ್ಲಿಂದ ಎಲ್ಲಿಗೆ ಹೋಗಬಹುದು, ಎಲ್ಲಿ ಹೋಗಬಾರದು ಎಂಬ ಕಟ್ಟಳೆ ಬೇಕಲ್ಲ, ಆ ಕಟ್ಟಳೆಯೇ ಮಾಡೆಲಿಂಗ್ ಭಾಷೆ. ಅಂಥ ಭಾಷೆ ಕಟ್ಟುವುದು ಅವನ ಕಸುಬು. ಕಸುಬಿನಲ್ಲಿ ಒಂದೇ ಒಂದು ಮಡಿ. ಯಂತ್ರ ಬರೆದ ಕೋಡಿಗೆ ಮನುಷ್ಯ ಕೈ ಹಚ್ಚಬಾರದು. ತಪ್ಪು ಕಂಡರೆ ಚಿತ್ರ ತಿದ್ದಬೇಕು, ಕೋಡ್ ಮತ್ತೆ ತಾನಾಗಿ ಹುಟ್ಟಬೇಕು. ಕೈ ಹಚ್ಚಿದರೆ ಚಿತ್ರ ಒಂದು ಹೇಳುತ್ತದೆ, ಯಂತ್ರ ಇನ್ನೊಂದು ಮಾಡುತ್ತದೆ, ಆಮೇಲೆ ಚಿತ್ರವನ್ನು ನಂಬುವವರು ಯಾರು? ಹುಟ್ಟುವ ಪ್ರತಿ ಕಡತದ ನೆತ್ತಿಯ ಮೇಲೂ 'ಇದು ಮಾಡೆಲ್ಲಿನಿಂದ ಬಂದದ್ದು, ಕೈ ಹಚ್ಚಬೇಡಿ' ಎಂದು ಮುದ್ರೆ ಬೀಳುವಂತೆ ಮಾಡಿದವನು ಅವನೇ. ಆ ಮುದ್ರೆಯ ಕೆಳಗೇ ಅವನು ಕೈ ಹಚ್ಚಿದ್ದ.

ಬೀದರದ ನೌಬಾದದ ಮನೆಯಿಂದ ಕಾರು ತೆಗೆಯುವಾಗ ಅವನಿಗೆ ಭಾಲ್ಕಿಯ ಶಾಲೆ ನೆನಪಾಯಿತು, ಯಾಕೆಂದು ತಿಳಿಯಲಿಲ್ಲ, ತಿಳಿಯಿತು ಕೂಡ. ತಿಂಗಳಿಗೊಮ್ಮೆ ಗುರುಗಳು ಸ್ಕಾಲರ್‌ಶಿಪ್ ಬರುವವರ ಹೆಸರು ಓದುತ್ತಿದ್ದರು. ಓದಿದವರು ಎದ್ದು ನಿಲ್ಲಬೇಕು, ಎಲ್ಲರ ಹೆಸರೂ ಮುಗಿಯುವವರೆಗೆ ಕೂರುವ ಹಾಗಿಲ್ಲ. ಗುರುಗಳು ಕೆಟ್ಟವರಲ್ಲ, ಅವರ ಮಟ್ಟಿಗೆ ಅದು ಬೇಗ ಮುಗಿಸಬೇಕಾದ ಒಂದು ಕೆಲಸ. ಆದರೆ ಬೆಂಚಿನ ಮೇಲೆ ಕೂತವರು ನಿಂತವರನ್ನು ತಿರುಗಿ ನೋಡುವುದನ್ನು ಅವನ ಕತ್ತು ಇಂದಿಗೂ ಮರೆತಿಲ್ಲ, ಬಿಸಿಯೇರುತ್ತದೆ. ಎಂಜಿನಿಯರಿಂಗಿನ ಎರಡನೇ ವರ್ಷ ಯಾರೋ ಕಪ್ಪು ಹಲಗೆಯ ಮೇಲೆ ಒಂದು ಚೌಕ ಬರೆದು ಒಳಗೆ 'ವಿದ್ಯಾರ್ಥಿ' ಎಂದು ಬರೆದಾಗ ಅವನಿಗೆ ಆದ ಸುಖವನ್ನು ಅವನು ಯಾವ ಪ್ರಬಂಧದಲ್ಲೂ ಬರೆದಿಲ್ಲ. ಆ ಚೌಕದೊಳಗೆ ತಾನಿದ್ದ, ತನ್ನನ್ನು ತಿರುಗಿ ನೋಡಿದವರೂ ಇದ್ದರು, ಯಾರು ಯಾರೆಂದು ಚೌಕಕ್ಕೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಹಟವೂ ಇಲ್ಲ. ಊರಿಲ್ಲ, ಕೇರಿಯಿಲ್ಲ, ಅಪ್ಪನ ಹೆಸರಿಲ್ಲ. ಕಟ್ಟಳೆ ಎಲ್ಲರಿಗೂ ಒಂದೇ. ಜನ ಇದನ್ನು ಒಣ ವಿದ್ಯೆ ಎಂದಾಗ ಅವನು ಒಳಗೇ ನಗುತ್ತಿದ್ದ, ಹಸಿದವನಿಗೆ ಗೊತ್ತು ಯಾವುದು ಒಣ ಎಂದು. ಅವನು ಕಟ್ಟಿದ ಭಾಷೆಯಲ್ಲಿ ಮನುಷ್ಯರ ಹೆಸರು ಬರೆಯಲು ಜಾಗವೇ ಇರಲಿಲ್ಲ, ಬೇಕೆಂದೇ ಇಟ್ಟಿರಲಿಲ್ಲ. ಹೆಸರು ಬರೆಯಬೇಕಾದರೆ ಕೋಡಿನೊಳಗೇ ಇಳಿಯಬೇಕಾಗಿತ್ತು, ಅವನು ಇಳಿದಿದ್ದ.

ಮಂಗಲಪೇಟದಲ್ಲಿ ಇವಾಂಜಲಿನ ಲ್ಯಾಪ್‌ಟಾಪಿನ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಅವನದೇ ಕಾಲೇಜಿನಲ್ಲಿ ಪಾಠ ಹೇಳುತ್ತ ಐದು ವರ್ಷದಿಂದ ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು, ಮಾತು ಕಡಿಮೆ, ಆಡಿದರೆ ನೇರ. ಅತಿಥಿಗೃಹದಿಂದ ಪರೀಕ್ಷಕ ಹಣಮಂತಪ್ಪನವರನ್ನು ಹತ್ತಿಸಿಕೊಂಡಾಯಿತು. ರಾಯಚೂರಿನ ಕಡೆಯ ಹಿರಿಯರು, ಹಿಂದಿನ ಸೀಟಿನ ತುಂಬ ಕೂತು ಥೀಸಿಸ್ಸನ್ನು ತೊಡೆಯ ಮೇಲೆ ತೆರೆದರು. "ಒಂದ ಸಾಲೂ ಕೈಯಿಂದ ಬರ್ದಿಲ್ಲ ಅಂತ ಬರ್ದೀರಲ್ಲ ತಂಗಿ, ಭಾಳ ದೊಡ್ಡ ಮಾತು ಆತದು," ಎಂದರು. "ಇವತ್ತು ನಿಮ್ಮ ಎದುರಿಗೇ ನೋಡ್ರಿ ಸರ್," ಎಂದಳು ಇವಾಂಜಲಿನ. ಅನೀಲಕುಮಾರ ಗೇರು ಬದಲಿಸಿದ. ಅವಳ ಇಡೀ ಥೀಸಿಸ್ ಆ ಒಂದು ಮಾತಿನ ಮೇಲೆ ನಿಂತಿತ್ತು, ಆ ಮಾತು ತನ್ನಿಂದಾಗಿ ಸುಳ್ಳಾಗಿತ್ತು, ಅದು ಅವಳಿಗೆ ಗೊತ್ತಿಲ್ಲ. ಹೊಸದಾಗಿ ಹುಟ್ಟಿಸಿದರೆ ತನ್ನ ಸಾಲುಗಳು ತಾವಾಗಿ ಹೋಗುತ್ತವೆ, ಹೋಗಲಿ, ಆದರೆ ಅವುಗಳ ಜೊತೆ ಸುಮನಳ ಶನಿವಾರಗಳೂ ಹೋಗುತ್ತವೆ. ಸುಮನ ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನ ಸಿಸ್ಟರ್. ಅವಳು ಅಲ್ಲೇ ನಿಂತಿರುತ್ತಾಳೆ. ಅವಳಿಗೆ ಯಾವ ಮಾತನ್ನು ಎಲ್ಲಿ ಆಡಬಾರದೆಂಬ ಎಣಿಕೆ ಹುಟ್ಟಿನಿಂದಲೇ ಇಲ್ಲ.

ಆಷಾಢದ ಒಂದು ಮಧ್ಯಾಹ್ನ ಅವಳು ನೌಬಾದಕ್ಕೆ ಬಂದಿದ್ದಳು, ಒದ್ದೆ ಛತ್ರಿಯನ್ನು ಬಾಗಿಲಿಗೆ ಒರಗಿಸಿ ನೇರ ಅವನ ಕೋಣೆಗೇ ಬಂದಳು. ಡಾಬಕಾಕ್ಕೆ ಕೊಟ್ಟಿದ್ದರು ಅವಳನ್ನು, ಗಂಡ ಕಾಶೀರಾಮ ಹೊಲ ನೋಡಿಕೊಳ್ಳುತ್ತಾನೆ, ಮಗಳು ಶ್ರಾವಸ್ತಿ ಭಾಲ್ಕಿಯ ವಸತಿ ಶಾಲೆಯಲ್ಲಿ. ಮಗು ಮನೆಗೆ ಬರುವುದು ಶನಿವಾರ ಸಂಜೆ, ಹೋಗುವುದು ಭಾನುವಾರ. "ಶನಿವಾರ ರಾತ್ರಿನೇ ನನಗ ಡ್ಯೂಟಿ ಬಂದ್ರ ಹ್ಯಾಂಗಣ್ಣಾ? ಅದು ಬಂದು ಅಜ್ಜಿ ಮಗ್ಗಲಾಗ ಮಲಗ್ತದ. ಮುಂಜಾನಿ ನಾ ಬಸ್ ಹಿಡದು ಮನಿ ಮುಟ್ಟೂದ್ರಾಗ ಬ್ಯಾಗ್ ಹೆಗಲಿಗಿ ಹಾಕ್ಕೊಂಡು ನಿಂತಿರ್ತದ. ಆ ಕಂಪ್ಯೂಟರ್ ನಿಂದೇ ಅಲ್ಲೇನು? ಅದಕ್ಕ ಒಂದು ಮಾತು ಹೇಳು." ಅವನು ಪಾಠ ಶುರು ಮಾಡಿದ, ಅದಕ್ಕೆ ಹೆಸರು ಗೊತ್ತಾಗುವುದಿಲ್ಲ, ಕೊಟ್ಟರೆ ಎಲ್ಲರಿಗೂ ಕೊಡಬೇಕು. ಸುಮನ ನಕ್ಕಳು. "ನೀ ಹೇಳಿದ್ರೂ ಕೇಳಲ್ಲೇನು ಅದು?" ಆ ನಗೆಯಲ್ಲಿ ಅಣ್ಣನ ಮೇಲೆ ಅವಳಿಗಿದ್ದ ನಂಬಿಕೆ ಪೂರಾ ಇತ್ತು, ಅದೇ ಅವನನ್ನು ಕೆಡಿಸಿತು. ಅವಳ ಮದುವೆಯ ದಿನ ಅವನು ಪುಣೆಯಲ್ಲಿ ಪ್ರಬಂಧ ಓದುತ್ತಿದ್ದ. ಡಾಬಕಾಕ್ಕೆ ಬರುತ್ತೇನೆ ಎಂದು ಹೇಳಿದ್ದು ಎಷ್ಟು ಸಲವೋ, ಹೋದದ್ದು ಬೆರಳೆಣಿಕೆ. ತಂಗಿಗೆ ಕೊಡಲು ತನ್ನ ಹತ್ತಿರ ಏನಾದರೂ ಇದೆ ಎಂದು ಅಂದು ಮೊದಲ ಸಲ ಅನ್ನಿಸಿತು, ಅದು ನಾಲ್ಕು ಸಾಲಿನ ಕೆಲಸ. ಅವಳು ಸಪನಾಳ ಜೊತೆ ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಸುಮನ ಎಂದು ಹೆಸರಿದ್ದರೆ ಶನಿವಾರ ರಾತ್ರಿ ಬಿಡು, ಮುಂದಿನವರನ್ನು ಹಾಕು. ಹೆರಿಗೆ ವಾರ್ಡಿನ ರಾತ್ರಿಪಾಳಿಗೆ ತರಬೇತಾದ ಮುಂದಿನವರು ಒಬ್ಬರೇ, ನಸ್ರೀನ. ಬರೆಯುವಾಗ ಅದೂ ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೇ ಹೇಳಿಕೊಂಡದ್ದರಿಂದ ಅದು ಗೊತ್ತಿತ್ತೆಂಬುದು ಇನ್ನೂ ಗಟ್ಟಿಯಾಗಿತ್ತು.

ಜನವಾಡ ದಾಟಿ, ಮಾಂಜ್ರಾ ಸೇತುವೆಯ ಹತ್ತಿರ ಹಣಮಂತಪ್ಪನವರು ಚಹಾದಂಗಡಿ ಕಂಡು ಕಾರು ನಿಲ್ಲಿಸಲು ಹೇಳಿದರು. ಭಜಿಯ ಬಾಣಲೆಯತ್ತ ಅವರು ಹೋದಮೇಲೆ ಕಾರಿನ ಹತ್ತಿರ ಇಬ್ಬರೇ ಉಳಿದರು. ನದಿಯ ಮೇಲೆ ಚಳಿಗಾಲದ ಬಿಸಿಲು ತೆಳ್ಳಗೆ ಬಿದ್ದಿತ್ತು, ಆಚೆ ದಂಡೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ಹಿಡಿದಿದ್ದವು. ಈಗ ಹೇಳಿಬಿಡಬೇಕು ಎಂದುಕೊಂಡ. ಹೇಳುವುದು ಕಷ್ಟವೇನಲ್ಲ, ನಾನು ನಾಲ್ಕು ಸಾಲು ಸೇರಿಸಿದ್ದೆ, ಮರೆತಿದ್ದೆ. ಆದರೆ ಅವನ ನಾಲಿಗೆಗೆ ಹೈದರಾಬಾದಿನ ಒಂದು ಸಭೆ ಅಡ್ಡ ಬಂತು. ಯಾವುದೋ ಕಂಪನಿಯ ಹುಡುಗ ಎದ್ದು ನಿಂತು, ನಿಮ್ಮ ಭಾಷೆಯಲ್ಲಿ ನಿಮ್ಮನ್ನು ಬಿಟ್ಟು ಇನ್ನಾರಾದರೂ ಚಿತ್ರ ಬರೆದಿದ್ದಾರಾ ಸರ್ ಎಂದು ಬಹಳ ವಿನಯದಿಂದ ಕೇಳಿದ್ದ. ಸಭೆ ನಕ್ಕಿತ್ತು, ಅಧ್ಯಕ್ಷರೂ ನಕ್ಕಿದ್ದರು, ಅವನೂ ನಗಬೇಕಾಗಿ ಬಂತು. ಅದಕ್ಕೆ ಉತ್ತರ ಈ ಔರಾದದ ಆಸ್ಪತ್ರೆ. ನಿಜವಾದ ಜನ, ನಿಜವಾದ ಪಾಳಿ, ತನ್ನ ಭಾಷೆ, ಈ ಹುಡುಗಿಯ ಐದು ವರ್ಷ. "ಇವಾಂಜಲಿನ, ಆ ಹಳೇ ಕೋಡ್ ಅದಲ್ಲ," ಎಂದು ಶುರು ಮಾಡಿದ. "ಅದೆಲ್ಲಾ ತಗದು ಹಾಕ್ತೇನಿ ಸರ್. ನೀವು ಚಿಂತಿ ಮಾಡಬ್ಯಾಡ್ರಿ," ಎಂದಳು ಅವಳು, ನದಿಯನ್ನು ನೋಡುತ್ತ. ಚಿಂತೆ ಮಾಡಬೇಡಿ ಎಂದು ಯಾಕೆ ಅಂದಳು? ಮುಖ ನೋಡಿದ, ಅಲ್ಲಿ ಏನೂ ಸಿಗಲಿಲ್ಲ. ಹಣಮಂತಪ್ಪನವರು ಕಾಗದದಲ್ಲಿ ಭಜಿ ಹಿಡಿದುಕೊಂಡು ಬಂದು ಮೊದಲು ಅವನಿಗೇ ನೀಡಿದರು. ಅವನು ಒಂದು ತೆಗೆದುಕೊಂಡ, ಆ ಬಿಸಿಯನ್ನು ಬಾಯಲ್ಲಿ ಆಡಿಸುತ್ತ ಮಾತಾಡದಿರಲು ನೆಪ ಸಿಕ್ಕಿತೆಂದು ಸಮಾಧಾನಪಟ್ಟ, ಆ ಸಮಾಧಾನಕ್ಕೆ ನಾಚಿದ.

ಔರಾದದಲ್ಲಿ ಮೇಟ್ರನ್ ಜೂಲಿ ತಮ್ಮ ಕೋಣೆಯನ್ನು ತೆರವು ಮಾಡಿಟ್ಟಿದ್ದರು. ಗೋಡೆಯ ಮೇಲೆ ಚಿತ್ರ ಬೀಳಲೆಂದು ಕ್ಯಾಲೆಂಡರನ್ನೂ ಇಳಿಸಿದ್ದರು. ಈ ಸಾಫ್ಟ್‌ವೇರ್ ಬಂದಮೇಲೆ ಜಗಳ ನಿಂತಿವೆ ಎಂದು ಅವರು ಹಣಮಂತಪ್ಪನವರಿಗೆ ತಾವಾಗಿಯೇ ಹೇಳಿದರು. "ಮೊದಲು ಪಾಳಿ ನಾ ಹಚ್ತಿದ್ದೆರಿ. ಯಾರಿಗಿ ಹಚ್ಚಿದ್ರೂ ಮೇಟ್ರನ್ ತಮ್ಮವರಿಗಿ ನೋಡ್ತಾರ ಅಂತಿದ್ರು. ನಮ್ಮ ಚರ್ಚಿನವರಿಗಿ ಸಂಡೇ ಬಿಡ್ತಾರ ಅಂತ ಮಾತು. ಈಗ ಯಾರೂ ಬಾಯಿ ಬಿಚ್ಚಲ್ಲರಿ, ಮಷೀನ್ ಹಚ್ತದ." ಹಣಮಂತಪ್ಪನವರು ಅದನ್ನು ಬರೆದುಕೊಂಡರು. ಅನೀಲಕುಮಾರ ನೀರು ಕೇಳಿ ಕುಡಿದ. ಕಿಟಕಿಯ ಬಳಿ ಸುಮನ ನಿಂತಿದ್ದಳು, ಅಣ್ಣನನ್ನು ನೋಡಿ ಕಣ್ಣಲ್ಲೇ ನಕ್ಕಳು. ಅವಳ ಪಕ್ಕದಲ್ಲಿ ನಸ್ರೀನ, ಅವನು ಇದುವರೆಗೆ ಹೆಸರಿನಲ್ಲಿ ಮಾತ್ರ ಕಂಡಿದ್ದವಳು, ನಲವತ್ತರ ಹತ್ತಿರದ ಹೆಂಗಸು, ಪಾಳಿ ಮುಗಿಸಿ ಮನೆಗೆ ಹೋಗದೆ ನಿಂತಿದ್ದರಿಂದ ಕಣ್ಣು ಕೆಂಪಗಿದ್ದವು. ಸಾಲುಗಳಲ್ಲಿ ಅವಳು 'ಮುಂದಿನವರು' ಆಗಿದ್ದಳು. ಎದುರಿಗೆ ನಿಂತಾಗ ಅವಳ ಕೈಯಲ್ಲಿ ಟಿಫಿನ್ ಡಬ್ಬಿ ಇತ್ತು.

ಇವಾಂಜಲಿನ ಗೋಡೆಯ ಮೇಲೆ ಮಾಡೆಲ್ ತೆರೆದಳು. ಸಿಸ್ಟರ್, ಪಾಳಿ, ವಾರ್ಡ್, ನಿಯಮ, ಎಲ್ಲ ಅವನು ಬಲ್ಲ ಚೌಕಗಳು. ಅವುಗಳ ನಡುವೆ ಅವನು ಕಾಣದ ಒಂದು ಚೌಕವಿತ್ತು: 'ವಾರದ ಕೋರಿಕೆ'. ಪ್ರತಿ ಸಿಸ್ಟರಿನಿಂದ ಅದಕ್ಕೊಂದು ಗೆರೆ, ಯಾರು ಬೇಕಾದರೂ ವಾರದಲ್ಲಿ ಒಂದು ಪಾಳಿ ಬೇಡವೆನ್ನಬಹುದು, ಕಾರಣ ಹೇಳಬೇಕಿಲ್ಲ. ಇಬ್ಬರು ಒಂದೇ ಪಾಳಿಯನ್ನು ಬೇಡವೆಂದರೆ ಸರದಿಯ ಪ್ರಕಾರ ಬಿಡುವು. ಭಾಷೆಗೇ ಒಂದು ಹೊಸ ಪದ ಸೇರಿಸಿದ್ದಳು, ಅವನನ್ನು ಕೇಳದೆ. ಅವಳು ತನ್ನ ಸಾಲುಗಳನ್ನು ಓದಿದ್ದಾಳೆ ಎಂದು ಅವನಿಗೆ ಆಗ ಖಾತ್ರಿಯಾಯಿತು. ಆದರೂ ನಾಚಿಕೆಗಿಂತ ಮೊದಲು ಬಂದದ್ದು ಸಂತೋಷ, ಅದು ಅವನಿಗೇ ಆಶ್ಚರ್ಯ. ಚೌಕ ಎಲ್ಲಿರಬೇಕೋ ಅಲ್ಲೇ ಇತ್ತು, ಒಬ್ಬರಿಗೆ ವಾರಕ್ಕೆ ಒಂದೇ ಕೋರಿಕೆ ಎನ್ನುವ ಗೆರೆಯ ತುದಿಯ ಸಂಖ್ಯೆ ಸರಿಯಾಗಿತ್ತು, ಬೇರೆ ಯಾವ ನಿಯಮವೂ ಅಲುಗಿರಲಿಲ್ಲ. ಅಂದು ಮಧ್ಯಾಹ್ನ ತಾನು ಬರೆಯಬೇಕಾಗಿದ್ದದ್ದು ಇದನ್ನೇ. ಬರೆಯಲು ಬರುತ್ತಿರಲಿಲ್ಲವೆಂದಲ್ಲ. ಎಲ್ಲರಿಗೂ ಕೇಳುವ ಹಕ್ಕು ಕೊಟ್ಟರೆ ಸುಮನಳಿಗೆ ಎಲ್ಲ ಶನಿವಾರ ಸಿಗುವುದಿಲ್ಲವೆಂದು ಗೊತ್ತಿದ್ದೇ ಬರೆದಿರಲಿಲ್ಲ.

"ಹಳೇದು ಅಳಸ್ತೇನಿ ಸರ್," ಎಂದು ಇವಾಂಜಲಿನ ಹಣಮಂತಪ್ಪನವರಿಗೆ ಹೇಳಿ ಗುಂಡಿ ಒತ್ತಿದಳು. ಕಡತಗಳು ಹೋದವು, ಖಾಲಿ ಜಾಗ ಬಂತು, ಮತ್ತೊಂದು ಗುಂಡಿ, ಒಂದೊಂದಾಗಿ ಕಡತಗಳು ಮತ್ತೆ ಹುಟ್ಟಿದವು. ಸಿಸ್ಟರುಗಳ ಕೋರಿಕೆಗಳನ್ನು ಮೇಟ್ರನ್ ಮೊದಲೇ ಕೇಳಿ ಇಟ್ಟಿದ್ದರು, ಇವಾಂಜಲಿನ ಹಾಕಿದಳು. ಬರುವ ನಾಲ್ಕು ವಾರಗಳ ಪಾಳಿ ಗೋಡೆಯ ಮೇಲೆ ಬಂತು. ಹಣಮಂತಪ್ಪನವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋಗಿ ನೋಡಿದರು, ಒಂದೆರಡು ಕಡೆ ಬೆರಳಿಟ್ಟು ಪರೀಕ್ಷಿಸಿದರು, ತಪ್ಪು ಸಿಗಲಿಲ್ಲ. "ಛಲೋ ಆಗ್ಯದ ನೋಡ್ರಿ," ಎಂದರು. ಅನೀಲಕುಮಾರ ಉಸಿರು ಬಿಟ್ಟ. ಮುಗಿಯಿತು, ಯಾರಿಗೂ ಏನೂ ಗೊತ್ತಾಗದೆ ಮುಗಿಯಿತು, ಈ ಹುಡುಗಿ ತನ್ನ ಮಾನ ಉಳಿಸಿದಳು, ತಾನು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

"ಅಣ್ಣಾ," ಎಂದಳು ಸುಮನ. ಗೋಡೆಯ ಮೇಲಿನ ಶನಿವಾರಗಳನ್ನು ಅವಳು ಬೆರಳಿಟ್ಟು ಎಣಿಸುತ್ತಿದ್ದಳು, ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಬೇಸರ. "ನೀ ಬರ್ದಿದ್ರಾಗ ನನಗ ಎಲ್ಲಾ ಶನಿವಾರ ಬಿಡುವು ಇತ್ತು. ಇವರು ಬರ್ದಿದ್ರಾಗ ಎರಡೇ ಯಾಕ? ನೀ ಬರ್ದಿದ್ದೇ ಛಲೋ ಇತ್ತಲ್ಲ."

ಮೇಟ್ರನ್ ಜೂಲಿ ಅವನತ್ತ ನೋಡಿದರು. ಹಣಮಂತಪ್ಪನವರು ಗೋಡೆಯಿಂದ ನಿಧಾನವಾಗಿ ತಿರುಗಿ, "ನೀವು ಬರ್ದಿದ್ರೇನ್ರಿ?" ಎಂದರು.

"ಹೌದ್ರಿ," ಎಂದ ಅನೀಲಕುಮಾರ. ತರಗತಿಯ ದನಿಯೇ ಬಂತು, ಗಟ್ಟಿಯಾಗಿ, ಅಳುಕದೆ. "ಜನರೇಟ್ ಆದ ಕೋಡಿನಾಗ ನಾ ಕೈ ಹಚ್ಚಿದ್ದೆ. ನನ್ನ ತಂಗಿ ಸಲುವಾಗಿ. ಇವಾಂಜಲಿನಗ ನಾ ಹೇಳಿರಲಿಲ್ಲ."

"ನಾ ಹೋದ ವಾರ ನೋಡಿದೆರಿ ಸರ್," ಎಂದು ಇವಾಂಜಲಿನ ಹಣಮಂತಪ್ಪನವರಿಗೇ ಹೇಳಿದಳು. "ನಮ್ಮ ಭಾಷಾದಾಗ ಈ ಮಾತು ಹೇಳಾಕ ಜಾಗ ಇರಲಿಲ್ಲ. ಜಾಗ ಇಲ್ಲದ್ದಕ್ಕ ಕೈ ಬಂತು. ಈಗ ಜಾಗ ಮಾಡೀನಿ. ಥೀಸಿಸ್ ಅಚ್ಚಾದ ಮ್ಯಾಲ ಸಿಕ್ತು, ಒಂದು ಪ್ರಕರಣ ಸೇರಸ್ತೇನಿ. ಯಾರ ಹೆಸರೂ ಹಾಕಂಗಿಲ್ಲರಿ."

"ಸೇರಸ್ರಿ," ಎಂದರು ಹಣಮಂತಪ್ಪ. "ಅದನ್ನ ಓದಿದ ಮ್ಯಾಲೇ ನಾ ಸಹಿ ಮಾಡ್ತೇನಿ. ಎಲ್ಲದಕ್ಕಿಂತ ಅದೇ ಛಲೋ ಆಗ್ತದ." ಅವರ ದನಿಯಲ್ಲಿ ಕುಹಕವಿರಲಿಲ್ಲ. ಅವಳ ಡಿಗ್ರಿಗೆ ಏನೂ ಆಗುವುದಿಲ್ಲ ಎಂದು ಅನೀಲಕುಮಾರನಿಗೆ ತಿಳಿಯಿತು, ಎದೆಯ ಮೇಲಿನ ಕಲ್ಲು ಸರಿದಂತಾಯಿತು. ತನ್ನ ಭಾಷೆಯೂ ಗೆದ್ದಿತ್ತು, ಒಂದು ಪದ ಹೆಚ್ಚಾಗಿ ಗೆದ್ದಿತ್ತು. ತಂಗಿಗೆ ಈಗ ಏನು ಹೇಳಬೇಕೆಂದೂ ಅವನಿಗೆ ಗೊತ್ತಿತ್ತು. ಉಳಿದೆರಡು ಶನಿವಾರ ತಾನೇ ಭಾಲ್ಕಿಗೆ ಹೋಗಿ ಶ್ರಾವಸ್ತಿಯನ್ನು ಕರೆದುಕೊಂಡು ಬಂದು ಈ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಬಹುದು, ಪಾಳಿ ಶುರುವಾಗುವ ಮೊದಲು ತಾಯಿ ಮಗಳು ಕೂಡಿ ಊಟ ಮಾಡಲಿ, ಆಮೇಲೆ ತಾನೇ ಡಾಬಕಾಕ್ಕೆ ಮುಟ್ಟಿಸಬಹುದು. ಸೋದರಮಾವ ಮಾಡಬೇಕಾದ ಕೆಲಸ ಅದು. ಹೇಳಲೆಂದು ಸುಮನಳ ಕಡೆ ತಿರುಗಿದ.

ಸುಮನಳ ಪಕ್ಕದಲ್ಲಿ ನಿಂತಿದ್ದ ನಸ್ರೀನ ಅವನನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತು ನಡೆದ ಮಾತಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಸಿಕ್ಕಿತ್ತು, ಉಳಿದದ್ದನ್ನು ಅವಳು ಬಿಟ್ಟಿದ್ದಳು. ಟಿಫಿನ್ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ನಮ್ಮ ಅಮ್ಮೀ ಬೀದರದಾಗ ಒಬ್ಬಾಕಿನೇ ಇರ್ತಾಳರಿ ಸರ್," ಎಂದಳು. "ಶನಿವಾರ ಬರ್ತೇನಿ ಅಂತ ಹೇಳೂದು, ಡ್ಯೂಟಿ ಬಂತು ಅಂತ ಫೋನ್ ಮಾಡೂದು. ಮಳಿಗಾಲದಿಂದ ಇದೇ ಆಗ್ಯದ. ಮೇಟ್ರನ್ ಹಚ್ಚಿದ್ರ ಜಗಳಾಡ್ತಿದ್ದೆ ನಾ, ಬಿಡ್ತಿರಲಿಲ್ಲ. ಮಷೀನಿಗಿ ನಮ್ಮವರು ತಮ್ಮವರು ಇರಂಗಿಲ್ಲ ಅಂತ ಯಾರಿಗೂ ಕೇಳೇ ಇಲ್ಲ."

ಸುಮನ ಗೋಡೆಯ ಮೇಲಿಟ್ಟ ಬೆರಳನ್ನು ತೆಗೆದು ಸೆರಗಿನೊಳಗೆ ಮುಚ್ಚಿಕೊಂಡಳು. ಅನೀಲಕುಮಾರನಿಗೆ ಕೂರಬೇಕೆನ್ನಿಸಿತು, ಕೂರಲಿಲ್ಲ.

"ಮಷೀನಿಗಿ ಇಲ್ರಿ ಸಿಸ್ಟರ್," ಎಂದ. "ನನಗ ಇದ್ರು."

ನಸ್ರೀನ ಮೇಜಿನ ಮೇಲಿನ ಟಿಫಿನ್ ಡಬ್ಬಿಯನ್ನು ಕೈಗೆತ್ತಿಕೊಂಡಳು. ಆಮೇಲೆ ಇವಾಂಜಲಿನಳ ಕಡೆ ತಿರುಗಿ, ಈ ಬರುವ ಶನಿವಾರದ ಬಿಡುವು ಯಾರದೆಂದು ಕೇಳಿದಳು.